ಹಾಲು ಬರುವ ತನಕ

ಕೂಗಿದರೆ ಕೇಳದವರ ನಡುವೆ ಎರಡು ವರ್ಷ ಇದ್ದೆ. ಅಷ್ಟು ದಿನಗಳಲ್ಲಿ ನಾನು ನಿಜವಾಗಿ ಕೂಗಿಕೊಂಡದ್ದು ಒಂದೇ ಸಲ. ಆ ಕೂಗು ಯಾವ ಕೆಲಸಕ್ಕೂ ಬರಲಿಲ್ಲ. ಆದರೂ ಗೋಡೆಯ ಮೇಲೆ ಎಲ್ಲಾದರೂ ಹಳೆಯ ಕಬ್ಬಿಣದ ಮೈನ್ ಸ್ವಿಚ್ಚು ಕಂಡರೆ ಆ ಸಂಜೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಗುಂಡ್ಲುಪೇಟೆಯ ಅಂಚಿನಲ್ಲಿ, ಕೇರಳದ ಲಾರಿಗಳು ಹೋಗುವ ಹೆದ್ದಾರಿಯಿಂದ ತುಸು ಒಳಗೆ, ಒಂದು ಹಳೆಯ ಈರುಳ್ಳಿ ಮಂಡಿಯಲ್ಲಿ ಕಿವಿ ಕೇಳದ ಮಕ್ಕಳ ಚಿಕ್ಕ ವಸತಿ ಶಾಲೆ ಇತ್ತು. ನಡುವೆ ದೊಡ್ಡ ಅಂಗಳ, ಸುತ್ತ ಜಗಲಿ, ಒಂದು ಬದಿಗೆ ಮಹಡಿ. ಮಂಡಿಯ ಯಜಮಾನರು ಹಣೆ ತುಂಬ ವಿಭೂತಿ ಇಟ್ಟ ಹಿರಿಯರು. ಕಟ್ಟಡದ ಮುಕ್ಕಾಲು ಭಾಗ ಶಾಲೆಗೆ ಬಿಟ್ಟುಕೊಟ್ಟು, ಅಂಗಳವನ್ನು ಮಾತ್ರ ತಮಗೆ ಇಟ್ಟುಕೊಂಡಿದ್ದರು. ಸುಗ್ಗಿಯಲ್ಲಿ ಅಲ್ಲಿ ಸಾಂಬಾರ್ ಈರುಳ್ಳಿ ಗುಡ್ಡೆ ಗುಡ್ಡೆಯಾಗಿ ಬೀಳುತ್ತಿತ್ತು. ಮಹಡಿಯ ಜಗಲಿಯಲ್ಲೂ ಬಿತ್ತನೆಗೆಂದು ತೆಗೆದಿಟ್ಟ ಗೆಡ್ಡೆಗಳು ಗೋಣಿಚೀಲದ ಮೇಲೆ ಹರವಿಕೊಂಡಿರುತ್ತಿದ್ದವು. ನಮ್ಮ ಬಟ್ಟೆ, ಪುಸ್ತಕ, ತಲೆಗೂದಲು ಎಲ್ಲಕ್ಕೂ ಅದೇ ವಾಸನೆ. ಚಾಮರಾಜನಗರದ ನಮ್ಮ ಮನೆಗೆ ಹೋದಾಗಲೆಲ್ಲ ತಂಗಿ ಮೂಗು ಮುಚ್ಚಿಕೊಂಡು ಬಾಗಿಲು ತೆಗೆಯುತ್ತಿದ್ದಳು.

ಶಾಲೆಯವರಲ್ಲಿ ಕಿವಿ ಕೇಳುತ್ತಿದ್ದವರು ಇಬ್ಬರೇ. ನಾನು ಮತ್ತು ಅಕ್ಕ. ಅಕ್ಕ ಎಂದರೆ ಒಡಹುಟ್ಟಿದವರಲ್ಲ, ನನಗಿಂತ ಮೊದಲು ಬಂದು ಆ ಶಾಲೆಯನ್ನು ಕಟ್ಟಿ ನಿಲ್ಲಿಸಿದ ಟೀಚರು. ಉಡಿಗಾಲದ ಒಕ್ಕಲು ಮನೆಯ ಹೆಣ್ಣು. ನಾನು ಡಿಗ್ರಿ ಮುಗಿಸಿ, ವಿಶೇಷ ಮಕ್ಕಳಿಗೆ ಕಲಿಸುವ ತರಬೇತಿಯ ಕಾಗದ ಹಿಡಿದು ಹೋಗಿದ್ದೆ. ಮೊದಲ ದಿನವೇ ಪುಸ್ತಕದಲ್ಲಿ ಕಲಿತ ಸನ್ನೆಗಳನ್ನು ಒಂದು ಹುಡುಗಿಯ ಮುಂದೆ ಮಾಡಿ ತೋರಿಸಿದೆ. ಅವಳು ಸೌಜನ್ಯದಿಂದ ನೋಡಿ, ಪಕ್ಕದವಳ ಕಡೆ ತಿರುಗಿ, ನನ್ನ ಕೈಗಳನ್ನೇ ಅಣಕಿಸಿ ನಕ್ಕಳು.

ಅಕ್ಕ ಹೇಳಿಕೊಟ್ಟದ್ದು ಬೇರೆ. ಪ್ರತಿ ಮಗುವೂ ಮನೆಯಿಂದ ತನ್ನದೇ ಒಂದಷ್ಟು ಸನ್ನೆ ತಂದಿರುತ್ತದೆ. ಒಬ್ಬಳಿಗೆ ಅಮ್ಮ ಎಂದರೆ ಮೂಗಿನ ಹೊಳ್ಳೆಯ ಮೇಲೆ ಬೆರಳು ತಿರುಗಿಸುವುದು, ಮೂಗುತಿ. ಇನ್ನೊಬ್ಬನಿಗೆ ಅಮ್ಮ ಎಂದರೆ ಸೊಂಟಕ್ಕೆ ಕೈ, ಕುಡುಗೋಲು ಸಿಕ್ಕಿಸಿಕೊಂಡು ಹೊಲಕ್ಕೆ ಹೋಗುವವಳು. ಲಾರಿ ಓಡಿಸುವವರ ಮಗನಿಗೆ ಅಪ್ಪ ಎಂದರೆ ಎರಡು ಮುಷ್ಟಿ ಹಿಡಿದು ಸ್ಟೇರಿಂಗ್ ತಿರುಗಿಸುವುದು. ಆ ಮನೆಯಲ್ಲಿ ಬಿಟ್ಟರೆ ಪ್ರಪಂಚದಲ್ಲಿ ಇನ್ನೆಲ್ಲೂ ಆ ಸನ್ನೆಗೆ ಅರ್ಥವಿಲ್ಲ.

"ನಾವು ಕಲಿಸೋದು ಆಮೇಲೆ ಕಣಮ್ಮಿ," ಎಂದಿದ್ದರು ಅಕ್ಕ. "ಅವು ತಂದಿರೋದನ್ನ ಮೊದ್ಲು ನಾವು ಕಲೀಬೇಕು. ಇಲ್ದಿದ್ರೆ ಹೊಟ್ಟೆನೋವು ಅಂತ ಹೇಳ್ಕಳಕ್ಕೂ ಆ ಮಗಿಗೆ ಜನ ಇರಲ್ಲ."

ಅದಕ್ಕಾಗಿ ಅವರು ಪ್ರತಿ ಮಗುವನ್ನೂ ಬಿಳಿ ಗೋಡೆಯ ಮುಂದೆ ಕೂರಿಸಿ, ಪುಟ್ಟ ಡಿಜಿಟಲ್ ಕ್ಯಾಮೆರಾದಲ್ಲಿ ಅದರ ಸನ್ನೆಗಳನ್ನು ಒಂದೊಂದಾಗಿ ವಿಡಿಯೋ ಮಾಡುತ್ತಿದ್ದರು. ಕೊನೆಯಲ್ಲಿ ತಾವೇ ಸಣ್ಣ ದನಿಯಲ್ಲಿ ಅರ್ಥ ಹೇಳುತ್ತಿದ್ದರು. ಎಲ್ಲವೂ ಯಾರೋ ದಾನ ಕೊಟ್ಟ ಒಂದು ಲ್ಯಾಪ್‌ಟಾಪಿನಲ್ಲಿ ಇತ್ತು. ಬ್ಯಾಟರಿ ಸತ್ತು ಹೋಗಿ ಗೋಡೆಯ ವೈರಿನಿಂದಲೇ ಉಸಿರಾಡುತ್ತಿದ್ದ ಲ್ಯಾಪ್‌ಟಾಪು. ವೈರು ಅಲುಗಿದರೆ ಸಾಕು, ಪರದೆ ಕಪ್ಪು. ಸಿ.ಡಿ. ಹಾಕುವ ಬಾಯಿಯೂ ಧೂಳು ತಿಂದು ಕೂತಿತ್ತು. ಹೊಸ ಡಿಸ್ಕು ಕೊಳ್ಳುವಷ್ಟು ದುಡ್ಡು ಶಾಲೆಯಲ್ಲಿರಲಿಲ್ಲ. ಹಾಗಾಗಿ ಇನ್ನೊಂದು ಪ್ರತಿ ಮಾಡಿಡಲು ನಮಗೆ ದಾರಿ ಇರಲಿಲ್ಲ. ನಮ್ಮ ಪೆನ್‌ಡ್ರೈವಿನಲ್ಲಿ ಒಂದು ಮಗುವಿನ ಅರ್ಧ ಬದುಕೂ ಹಿಡಿಯುತ್ತಿರಲಿಲ್ಲ.

ಆ ವರ್ಷ ಅಕ್ಕನಿಗೆ ರಾಯಚೂರಿನ ಕಡೆ ಸರ್ಕಾರಿ ಕೆಲಸದ ಆದೇಶ ಬಂತು. ಒಂದೇ ವಾರದಲ್ಲಿ ಹೋಗಿ ಸೇರಬೇಕು. ಅವರು ಹೋದ ಮೇಲೆ ಮಕ್ಕಳ ನಡುವೆ ನಾನೊಬ್ಬಳೇ. ನನಗೆ ಆಸರೆ ಎಂದರೆ ಆ ವಿಡಿಯೋಗಳು. ಆದರೆ ಎಲ್ಲಕ್ಕಿಂತ ಬೇಕಾದ ಒಂದು ವಿಡಿಯೋ ಇನ್ನೂ ಆಗಿರಲಿಲ್ಲ. ಅದು ಅಡುಗೆಯಮ್ಮನದು.

ಅಡುಗೆಯಮ್ಮ ಹರವೆ ಕಡೆಯವರು. ಹುಟ್ಟಿನಿಂದ ಕಿವಿ ಕೇಳದು, ಶಾಲೆ ನೋಡಿದವರಲ್ಲ. ಮಕ್ಕಳಿಗೆ ಮುದ್ದೆ ಇಕ್ಕುತ್ತ, ತಲೆ ಬಾಚುತ್ತ, ಜಗಳ ಬಿಡಿಸುತ್ತ ಅವರು ಮಾಡುವ ಸನ್ನೆಗಳೇ ನಿಧಾನವಾಗಿ ಇಡೀ ಶಾಲೆಯ ಮಾತಾಗಿದ್ದವು. ಹೊಸದಾಗಿ ಬಂದ ಮಗು ತನ್ನ ಮನೆಯ ಸನ್ನೆಯ ಜೊತೆ ಮೊದಲು ಕಲಿಯುತ್ತಿದ್ದುದು ಅವರ ಸನ್ನೆ. ಮಕ್ಕಳದು ಮೊದಲಾಗಲಿ, ಅವರದು ಎಲ್ಲಿ ಹೋಗುತ್ತದೆ, ಇಲ್ಲೇ ಇದ್ದಾರಲ್ಲ ಎಂದು ಅಕ್ಕ ಮುಂದೂಡುತ್ತ ಬಂದಿದ್ದರು. ಈಗ ಹೊರಡುವ ಹೊತ್ತಿಗೆ ಕ್ಯಾಮೆರಾ ತೆಗೆದರೆ ಲ್ಯಾಪ್‌ಟಾಪಿನಲ್ಲಿ ಜಾಗವೇ ಇಲ್ಲ. ಅಳಿಸಬಹುದಾದದ್ದನ್ನೆಲ್ಲ ಅಳಿಸಿಯಾಗಿತ್ತು. ಉಳಿದದ್ದೆಲ್ಲ ಮಕ್ಕಳು.

ಪೇಟೆಯ ಕಂಪ್ಯೂಟರ್ ಅಂಗಡಿಯವನ ಹತ್ತಿರ ಇಬ್ಬರೂ ಹೋದೆವು. ಅವನು ಏನೋ ಒತ್ತಿ, ಪರದೆಯ ಮೇಲೆ ಡಿಸ್ಕಿನ ಉದ್ದ ಪಟ್ಟಿಯನ್ನು ತೋರಿಸಿದ. ಅದರ ಎಡ ತುದಿಯಲ್ಲಿ ಹೆಸರಿಲ್ಲದ ಒಂದು ತುಂಡು ಇತ್ತು. ಸುಮಾರು ಹತ್ತು ಜಿ.ಬಿ.

"ಮನೆ ಕಟ್ಟಿದೋರು ಒಂದು ರೂಮಿಗೆ ಬೀಗ ಜಡ್ದು, ಬೀಗದ ಕೈ ಕೊಡ್ದೆ ಓಗವ್ರೆ ಕಣಕ್ಕ," ಎಂದ.

ಕಂಪನಿಯವರು ವಿಂಡೋಸಿನ ಒಂದು ಪ್ರತಿಯನ್ನು ಅಲ್ಲಿ ಬಚ್ಚಿಟ್ಟಿರುತ್ತಾರೆ, ಯಂತ್ರ ಕೆಟ್ಟರೆ ಅದರಿಂದಲೇ ಹೊಸದರ ಹಾಗೆ ಮಾಡಿಕೊಳ್ಳಬಹುದು, ಬೇಡವೆಂದರೆ ಆ ತುಂಡನ್ನು ಕಿತ್ತು ಪಕ್ಕದ ಭಾಗಕ್ಕೆ ಸೇರಿಸಬಹುದು ಎಂದು ವಿವರಿಸಿದ. ಕಿತ್ತುಹಾಕುವುದು ಕ್ಷಣದ ಕೆಲಸ. ಸೇರಿಸುವುದೇ ಕಷ್ಟ. ಬಚ್ಚಿಟ್ಟ ತುಂಡು ಪಟ್ಟಿಯ ಮೊದಲಿಗೇ ಇರುವುದರಿಂದ, ಆಚೆ ಇರುವುದನ್ನೆಲ್ಲ, ಎಂದರೆ ನಮ್ಮ ಮಕ್ಕಳನ್ನೆಲ್ಲ, ಒಂದೊಂದಾಗಿ ಎತ್ತಿ ಹಿಂದಕ್ಕೆ ಸರಿಸಬೇಕು. ಅದಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ. ಅಷ್ಟು ಹೊತ್ತೂ ಕರೆಂಟು ಹೋಗಬಾರದು. ಹೋದರೆ ತನ್ನ ಹತ್ತಿರ ತರಬೇಡಿ ಎಂದು ಅವನು ಮುಖ ನೋಡದೆ ಹೇಳಿದ. ಅವನ ಯುಪಿಎಸ್ಸು ಕೇಳಿದೆ. ಅದು ರಿಪೇರಿಗೆ ಹೋಗಿತ್ತು.

ಸಾಫ್ಟ್‌ವೇರ್ ಪೆನ್‌ಡ್ರೈವಿಗೆ ಹಾಕಿಸಿಕೊಂಡು ಬಂದೆವು. ಅಂಗಳದಲ್ಲಿ ಯಜಮಾನರು ಆಳುಗಳ ಜೊತೆ ಈರುಳ್ಳಿ ಆರಿಸುತ್ತಿದ್ದರು. ಏನು ಸಮಾಚಾರ ಎಂದು ಕೇಳಿದವರಿಗೆ ಅಕ್ಕ ಎಲ್ಲ ಹೇಳಿದರು. ಅವರು ಕೈಯಲ್ಲಿದ್ದ ಗೆಡ್ಡೆಯ ಸಿಪ್ಪೆ ಉದುರಿಸುತ್ತ ಕೇಳಿಸಿಕೊಂಡರು.

"ಬಿತ್ತನೆ ಈರುಳ್ಳೀನ ಹುಳಿಗೆ ಹಾಕಂಡಂಗಾಯ್ತು ಬುಡವ್ವ," ಎಂದರು. "ಹುಳಿ ಏನೋ ಗಮ್ ಅಂತದೆ. ಮುಂದ್ಲ ವರ್ಷಕ್ಕೇನ್ ಮಾಡೀಯೆ?"

ಅಕ್ಕ ನಕ್ಕರು. ಮುಂದಿನ ವರ್ಷ ನಾನಿಲ್ಲಿ ಇರಲ್ಲವಲ್ಲ ಯಜಮಾನ್ರೇ ಎಂದರು.

ಆ ಶಾಲೆಯಲ್ಲಿ ಜನರನ್ನು ಕರೆಯುವ ಕ್ರಮವನ್ನು ಇಲ್ಲಿ ಹೇಳಬೇಕು. ಕಿವಿ ಕೇಳದವರನ್ನು ಹಿಂದಿನಿಂದ ಕರೆಯುವುದು ಹೇಗೆ? ನಮ್ಮ ಕಡೆಯ ಊರುಗಳಲ್ಲಿ ಕಲ್ಲು ಎಸೆಯುತ್ತಾರೆ. ಕೆಟ್ಟ ಮನಸ್ಸಿನಿಂದಲ್ಲ. ಹೊಲದಲ್ಲಿ ದೂರ ಇರುವವರ ಬೆನ್ನಿಗೆ ಸಣ್ಣದೊಂದು ಹೆಂಟೆಯೋ ಕಲ್ಲೋ ಬಿದ್ದರೆ ತಿರುಗಿ ನೋಡುತ್ತಾರೆ, ಅಷ್ಟೇ. ಅಡುಗೆಯಮ್ಮ ನಲವತ್ತು ವರ್ಷ ಹಾಗೇ ಕರೆಸಿಕೊಂಡವರು. ಶಾಲೆ ಶುರುವಾದಾಗ ಅಕ್ಕ ಮಾಡಿದ ಮೊದಲ ಕಟ್ಟಳೆ, ಇಲ್ಲಿ ಯಾರೂ ಯಾರ ಮೇಲೂ ಏನನ್ನೂ ಎಸೆಯಕೂಡದು. ಕರೆಯಬೇಕೆಂದರೆ ದೀಪ. ಕೋಣೆಯಲ್ಲಿದ್ದವರಿಗೆ ಕೋಣೆಯ ದೀಪವನ್ನು ಎರಡು ಸಲ ಆರಿಸಿ ಹಚ್ಚುವುದು. ಎಲ್ಲರನ್ನೂ ಒಟ್ಟಿಗೆ ಕರೆಯಬೇಕೆಂದರೆ, ಅಂದರೆ ಊಟಕ್ಕೆ, ಅಡುಗೆಮನೆಯ ಜಗಲಿಯಲ್ಲಿದ್ದ ಮೈನ್ ಸ್ವಿಚ್ಚಿನ ಹಿಡಿಯನ್ನು ಎರಡು ಸಲ ಎಳೆದು ಬಿಡುವುದು. ಆಗ ಇಡೀ ಮಂಡಿ ಎರಡು ಸಲ ಕಣ್ಣು ಮಿಟುಕಿಸುತ್ತಿತ್ತು. ಆ ಹಿಡಿ ಅಡುಗೆಯಮ್ಮನ ಅಧಿಕಾರ. ಮಕ್ಕಳು ಮುಟ್ಟುವಂತಿರಲಿಲ್ಲ. ಅವರು ಅದನ್ನು ಎಳೆಯುವಾಗ ಮುಖದಲ್ಲಿ ಸಣ್ಣದೊಂದು ಗತ್ತು ಇರುತ್ತಿತ್ತು.

ಆ ಕ್ರಮ ಹುಟ್ಟಿಸಿದ ಅಕ್ಕನಿಗೆ ಮಕ್ಕಳು ಇಟ್ಟ ಸನ್ನೆಯೂ ಅದೇ. ಮುಷ್ಟಿಯನ್ನು ಎರಡು ಸಲ ಬಿಚ್ಚಿ ಮುಚ್ಚುವುದು. ದೀಪ.

ಭಾನುವಾರ ಬೆಳಿಗ್ಗೆ ಅಕ್ಕ ಅಡುಗೆಯಮ್ಮನನ್ನು ಹಿಡಿಯ ಹತ್ತಿರ ಕರೆದುಕೊಂಡು ಹೋಗಿ, ಇವತ್ತು ಇದನ್ನು ಮುಟ್ಟಬಾರದು ಎಂದು ಕೈ ಅಡ್ಡ ಆಡಿಸಿದರು. ಎಲ್ಲಿಯ ತನಕ? ಗಡಿಯಾರ ಅವರಿಬ್ಬರ ನಡುವಿನ ಮಾತಲ್ಲ. ಅಲ್ಲಿ ಹೊತ್ತು ಎಂದರೆ ನಡೆಯುವ ಕೆಲಸಗಳು. ಅಕ್ಕ ಎರಡು ಕೈಯಿಂದ ಹಾಲು ಕರೆಯುವ ಹಾಗೆ ಮಾಡಿ, ಬಾಗಿಲ ಕಡೆ ತೋರಿಸಿದರು. ಸಂಜೆ ಹಾಲಿನವನು ಬರುವ ತನಕ. ಅಡುಗೆಯಮ್ಮ ತಲೆ ಆಡಿಸಿದರು. ಅವತ್ತು ಅವರು ಹಸಿರು ಬಣ್ಣದ ಒಳ್ಳೆಯ ಸೀರೆ ಉಟ್ಟಿದ್ದರು. ಸಂಜೆ ತಮ್ಮ ವಿಡಿಯೋ ಎಂದು ಅವರಿಗೆ ಗೊತ್ತಿತ್ತು. ಬೆಳಿಗ್ಗೆಯಿಂದ ಎರಡು ಸಲ ಮಹಡಿಗೆ ಬಂದು ಬಿಳಿ ಗೋಡೆಯ ಮುಂದಿನ ಸ್ಟೂಲನ್ನು ಒರೆಸಿ ಹೋಗಿದ್ದರು.

ಮಧ್ಯಾಹ್ನಕ್ಕೆ ಬರಬೇಕಿದ್ದ ಕರೆಂಟು ಮೂರು ದಾಟಿದ ಮೇಲೆ ಬಂತು. ಲೈನ್‌ಮ್ಯಾನ್‌ಗೆ ಫೋನ್ ಮಾಡಿದೆ. ಇನ್ನು ರಾತ್ರಿಯ ತನಕ ತೆಗೆಯಲ್ಲ ಎಂದ. ಅಕ್ಕ ಮಹಡಿಯ ಕೋಣೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತರು. ಬಚ್ಚಿಟ್ಟ ತುಂಡನ್ನು ಆರಿಸಿ, ಅಳಿಸು ಎಂದು ಒತ್ತಿದರು. ನಿಜವಾಗಿ ಬೇಕೇ ಎಂದು ಅದು ಕೇಳಿತು. ಒತ್ತಿದರು. ಹತ್ತು ಜಿ.ಬಿ. ಸದ್ದಿಲ್ಲದೆ ಹೋಯಿತು. ಆಮೇಲೆ ಸರಿಸುವ ಕೆಲಸಕ್ಕೆ ಒತ್ತಿದರು. ಲ್ಯಾಪ್‌ಟಾಪು ಆರಿ, ಮತ್ತೆ ಹತ್ತಿ, ನೀಲಿ ಪರದೆಯ ಮೇಲೆ ಒಂದು ಬಿಳಿ ಪಟ್ಟಿ ತೋರಿಸಿತು. ಕೆಳಗೆ, ದಯವಿಟ್ಟು ವಿದ್ಯುತ್ ಆರಿಸಬೇಡಿ ಎಂದು ಇಂಗ್ಲಿಷಿನಲ್ಲಿತ್ತು.

ಆ ಪಟ್ಟಿಯನ್ನು ನೋಡುತ್ತ ಕೂರುವುದು ಜ್ವರದ ಮಗುವಿನ ಪಕ್ಕ ಕೂತ ಹಾಗೆ. ಮೊದಮೊದಲು ಚುರುಕಾಗಿ ಹೋಯಿತು. ಅರ್ಧ ದಾಟಿದ ಮೇಲೆ ನಿಂತೇ ಬಿಟ್ಟಿತೇನೋ ಅನ್ನಿಸುವಷ್ಟು ನಿಧಾನವಾಯಿತು. ಅಕ್ಕ ವೈರು ಸಿಕ್ಕಿಸಿದ ಕಡೆ ಕೈ ಅಡ್ಡ ಇಟ್ಟುಕೊಂಡು ಕೂತಿದ್ದರು. ಕಿವಿ ಕೇಳುವ ಇಬ್ಬರು ಅಷ್ಟು ಹೊತ್ತು ಸುಮ್ಮನೆ ಕೂತದ್ದು ಅದೇ ಮೊದಲಿರಬೇಕು.

ಬೆಳಕು ಇಳಿಯಿತು. ಕಣ್ಣು ಉರಿಯುತ್ತಿದೆ, ಗಾಳಿಗೆ ಹೋಗೋಣ ಬಾ ಎಂದು ಅಕ್ಕ ಎದ್ದರು. ಮಹಡಿಯ ಜಗಲಿಗೆ ಬಂದು ಕಟಾಂಜನಕ್ಕೆ ಒರಗಿ ನಿಂತೆವು. ಕೆಳಗೆ ಅಂಗಳದಾಚೆ ಹಾಲಿನವನ ಸೈಕಲ್ಲು ಬಾಗಿಲು ದಾಟಿ ಹೊರಗೆ ಹೋಗುತ್ತಿತ್ತು. ನಾನು ಅದನ್ನು ನೋಡಿದೆ. ನೋಡಿಯೂ ನನಗೆ ಏನೂ ಹೊಳೆಯಲಿಲ್ಲ. ಮೂರು ದಾಟಿ ಶುರುವಾದ ಕೆಲಸಕ್ಕೆ ಬೆಳಿಗ್ಗೆ ಹೇಳಿದ ಹಾಲಿನ ಗಡುವು ಸಾಲದು ಎಂದು ಯಾರೂ ಅಡುಗೆಯಮ್ಮನಿಗೆ ಹೇಳಿರಲಿಲ್ಲ.

ಅವರು ಹಾಲಿನ ಪಾತ್ರೆ ಒಳಗಿಟ್ಟು ಹೊರಗೆ ಬಂದರು. ಹಸಿರು ಸೀರೆಯ ಸೆರಗಿಗೆ ಕೈ ಒರೆಸಿಕೊಂಡರು. ನಮಗೆ ಬೆನ್ನು ಮಾಡಿ, ಊಟಕ್ಕೆ ಕರೆಯಲು ಮೈನ್ ಸ್ವಿಚ್ಚಿನ ಕಡೆ ನಡೆದರು. ಅವರ ಬಲಗೈ ಮೇಲಕ್ಕೆ ಹೋಯಿತು.

ನಾನು ಕೂಗಿದೆ. ಏನೆಂದು ಕೂಗಿದೆನೋ ಗೊತ್ತಿಲ್ಲ, ಬೇಡ ಎಂದಿರಬೇಕು. ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ಒಳಗೆ ನೋಡಿದರು. ಅವರಿಗೆ ಕೇಳಿಸಿತು. ನಾನು ಮೆಟ್ಟಿಲ ಕಡೆ ಓಡಿದೆ. ಮೆಟ್ಟಿಲು ಹಿಂಬದಿಯಿಂದ ಸುತ್ತಿ ಇಳಿಯಬೇಕು, ಆಗದು ಎಂದು ನಾಲ್ಕು ಹೆಜ್ಜೆಗೇ ಗೊತ್ತಾಯಿತು. ದೂರದಿಂದ ಅವರನ್ನು ತಿರುಗಿಸಲು ನಮಗಿದ್ದ ಒಂದೇ ದಾರಿ ದೀಪ. ಆರಬಾರದೆಂದು ನಾವು ಮೂರು ಗಂಟೆಯಿಂದ ಕಾದದ್ದೂ ಅದನ್ನೇ. ತಿರುಗಿ ನೋಡಿದೆ. ಅವರ ಬೆರಳುಗಳು ಹಿಡಿಯನ್ನು ಸುತ್ತಿಕೊಂಡಾಗಿತ್ತು.

ಅಷ್ಟರಲ್ಲಿ ಅಕ್ಕ ಬಗ್ಗಿ, ಕಾಲ ಬಳಿ ಹರವಿದ್ದ ಗೆಡ್ಡೆಗಳಿಂದ ಒಂದನ್ನು ತೆಗೆದುಕೊಂಡು ಎಸೆದರು.

ಉಡಿಗಾಲದ ಹೊಲದಲ್ಲಿ ಗಿಳಿ ಓಡಿಸಿ ಬೆಳೆದ ಕೈ. ಗುರಿ ತಪ್ಪಲಿಲ್ಲ. ಈರುಳ್ಳಿ ಅಡುಗೆಯಮ್ಮನ ಎಡ ಭುಜಕ್ಕೆ, ಕುತ್ತಿಗೆಯ ಹತ್ತಿರ ಬಿತ್ತು. ಅವರ ಕೈ ಹಿಡಿಯಿಂದ ಜಾರಿತು. ಹಿಡಿ ಅಲುಗಲಿಲ್ಲ. ನಮ್ಮ ಹಿಂದೆ ಕೋಣೆಯ ದೀಪ ಉರಿಯುತ್ತಲೇ ಇತ್ತು.

ಅವರು ತಕ್ಷಣ ತಿರುಗಲಿಲ್ಲ. ಇಷ್ಟು ವರ್ಷ ಕಳೆದರೂ ನಾನು ಮತ್ತೆ ಮತ್ತೆ ನೋಡುವುದು ಅದನ್ನೇ. ಅವರು ಮೊದಲು ತಲೆ ತಗ್ಗಿಸಿ, ಎರಡೂ ಭುಜ ಕುಗ್ಗಿಸಿ, ಇನ್ನೊಂದು ಬರಬಹುದು ಎನ್ನುವವರ ಹಾಗೆ ನಿಂತರು. ಬರಲಿಲ್ಲ. ಆಮೇಲೆ ತಿರುಗಿದರು. ಅಂಗಳದಲ್ಲಿ ಯಾರೂ ಇರಲಿಲ್ಲ. ಕಣ್ಣೆತ್ತಿ ಮಹಡಿ ನೋಡಿದರು. ಅಕ್ಕನ ಕೈ ಇನ್ನೂ ಎಸೆದ ಹಾಗೇ ಮುಂದಕ್ಕೆ ಚಾಚಿಕೊಂಡಿತ್ತು.

ಅಕ್ಕ ಅವಸರದಲ್ಲಿ ಕೈ ಆಡಿಸಿದರು. ಮುಗಿದಿಲ್ಲ, ಇನ್ನೂ ನಡೆಯುತ್ತಿದೆ, ಮುಟ್ಟಬೇಡ. ಅಡುಗೆಯಮ್ಮ ಎಲ್ಲವನ್ನೂ ನೋಡಿ ತಲೆ ಆಡಿಸಿದರು. ಅರ್ಥವಾಗಿತ್ತು. ಬಗ್ಗಿ, ಕಾಲ ಹತ್ತಿರ ಬಿದ್ದಿದ್ದ ಈರುಳ್ಳಿ ತೆಗೆದುಕೊಂಡು, ಅಂಗಳದ ಗುಡ್ಡೆಯ ಮೇಲೆ ಇಟ್ಟು ಒಳಗೆ ಹೋದರು.

ಬಿಳಿ ಪಟ್ಟಿ ಕೊನೆ ಮುಟ್ಟಿತು. ಲ್ಯಾಪ್‌ಟಾಪು ತನ್ನ ರಾಗ ನುಡಿಸಿಕೊಂಡು ಎದ್ದಿತು. ಅಕ್ಕ ಒಂದೊಂದೇ ಮಗುವನ್ನು ತೆರೆದು ನೋಡಿದರು. ಮೂಗುತಿ, ಕುಡುಗೋಲು, ಸ್ಟೇರಿಂಗು. ಎಲ್ಲ ಇದ್ದವು. ಡ್ರೈವಿನ ಮೇಲೆ ಹತ್ತು ಜಿ.ಬಿ. ಖಾಲಿ ಎಂದು ತೋರಿಸುತ್ತಿತ್ತು. ಅವತ್ತು ಊಟಕ್ಕೆ ದೀಪ ಮಿಟುಕಲಿಲ್ಲ. ಅಡುಗೆಯಮ್ಮ ಕೋಣೆಯಿಂದ ಕೋಣೆಗೆ ಹೋಗಿ ಪ್ರತಿ ಮಗುವಿನ ಭುಜ ಮುಟ್ಟಿ ಕರೆದರಂತೆ. ನಾವು ನಾವಾಗಿ ಇಳಿದು ಹೋದಾಗ ಇಬ್ಬರ ತಟ್ಟೆಗಳೂ ಮುಚ್ಚಿಟ್ಟಿದ್ದವು. ಅವರು ಹಸಿರು ಸೀರೆ ಬಿಚ್ಚಿ ದಿನದ ಸೀರೆ ಉಟ್ಟಿದ್ದರು.

ಮರುದಿನ ಅಕ್ಕ ಅಡುಗೆಮನೆಯ ನೆಲದ ಮೇಲೆ ಅವರ ಎದುರು ಕೂತು, ತಮ್ಮ ಕೆನ್ನೆಗೆ ತಾವೇ ಹೊಡೆದುಕೊಂಡು ತಪ್ಪಾಯಿತು ಎಂದರು. ಅಡುಗೆಯಮ್ಮ ಆ ಕೈ ಹಿಡಿದು ಕೆಳಗಿಳಿಸಿದರು. ನಕ್ಕರು. ಟೀ ಕೊಟ್ಟರು. ಸಿಟ್ಟಿಲ್ಲ ಎಂದು ನನಗೂ ಅನ್ನಿಸಿತು. ಆದರೆ ಅಕ್ಕ ಕ್ಯಾಮೆರಾ ಎತ್ತಿದಾಗ ಅವರು ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡುಬಿಟ್ಟರು. ಚಳಿಗೆ ಮುಚ್ಚಿಕೊಳ್ಳುವ ಹಾಗೆ. ಅಕ್ಕ ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದು, ಕ್ಯಾಮೆರಾ ಇಳಿಸಿದರು. ಮಧ್ಯಾಹ್ನ ಇನ್ನೊಮ್ಮೆ ಪ್ರಯತ್ನಿಸಿದರು. ಮತ್ತೆ ಸೆರಗು.

ಮಂಗಳವಾರ ಬಸ್ ಸ್ಟ್ಯಾಂಡಿಗೆ ನಾನೊಬ್ಬಳೇ ಹೋದೆ. ಮೈಸೂರಿನ ಬಸ್ಸು ನಿಂತಿತ್ತು. ಅಕ್ಕ ಕಿಟಕಿಯ ಪಕ್ಕ ಕೂತು ನನ್ನ ಕಡೆ ಬಗ್ಗಿದರು.

"ಎಸೀದೆ ಇದ್ದು ಡಿಸ್ಕು ಹೋಗಿದ್ರೂ ಪರವಾಗಿರ್ಲಿಲ್ಲ ಅನ್ನಕ್ಕೆ ನನ್ನ ಬಾಯಿಗೆ ಬರ್ತಿಲ್ಲ ಕಣಮ್ಮಿ," ಎಂದರು. "ನಂಗೆ ಅದೇ ಭಯ."

ಬಸ್ಸು ಹೊರಟಿತು.

ಆಮೇಲಿನ ದಿನಗಳನ್ನು ಏನೆಂದು ಹೇಳಲಿ. ಮಕ್ಕಳು ಅಷ್ಟೊಂದು ಇದ್ದರೂ ಮಾತು ಎಂಬುದು ಮನೆಯಿಂದ ಹೊರಟು ಹೋಗಿತ್ತು. ಬೆಳಿಗ್ಗೆ ಯಜಮಾನರು ಈರುಳ್ಳಿ ನೋಡಲು ಬಂದಾಗ ಅವರೊಡನೆ ಹವೆಯ ಬಗ್ಗೆ ಎರಡು ಮಾತು, ಅಷ್ಟೇ. ಕೋಣೆಯಲ್ಲಿ ಒಬ್ಬಳೇ ಇದ್ದಾಗ ಗಟ್ಟಿಯಾಗಿ ಓದಿಕೊಳ್ಳುತ್ತಿದ್ದೆ, ನನ್ನ ದನಿ ಇದೆಯೋ ಇಲ್ಲವೋ ನೋಡಲು. ಸಂಜೆಗಳಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತು ಮಕ್ಕಳ ಸನ್ನೆ ಕಲಿತೆ. ಪ್ರತಿ ತುಣುಕಿನ ಕೊನೆಯಲ್ಲಿ ಅಕ್ಕನ ಸಣ್ಣ ದನಿ: ಇದು ಅಮ್ಮ. ಇದು ನಮ್ಮೂರ ಕೆರೆ. ಇದು ಹೊಟ್ಟೆನೋವು. ಆ ವರ್ಷ ನಾನು ಅತಿ ಹೆಚ್ಚು ಕೇಳಿದ ಮನುಷ್ಯರ ದನಿ ಅದು. ಜ್ವರ ಬಂದ ಮಗುವೊಂದು ಕಿವಿಯ ಹಿಂದೆ ಬೆರಳಾಡಿಸಿದಾಗ ಅದು ಅಜ್ಜಿಯನ್ನು ಕೇಳುತ್ತಿದೆ ಎಂದು ನನಗೆ ಗೊತ್ತಾದದ್ದು ಆ ವಿಡಿಯೋದಿಂದಲೇ. ಹಾಗೆ ಗೊತ್ತಾದಾಗಲೆಲ್ಲ ಆ ಈರುಳ್ಳಿ ಎಸೆಯಬಾರದಿತ್ತು ಎಂದು ನನಗೂ ಹೇಳಲಾಗುತ್ತಿರಲಿಲ್ಲ.

ಅಡುಗೆಯಮ್ಮ ಮೈನ್ ಸ್ವಿಚ್ಚನ್ನು ಮತ್ತೆ ಎಳೆಯಲಿಲ್ಲ. ಮಕ್ಕಳ ಭುಜ ಮುಟ್ಟಿ ಕರೆಯುತ್ತಿದ್ದರು. ನನ್ನ ಭುಜ ಮುಟ್ಟುತ್ತಿರಲಿಲ್ಲ. ಕೋಣೆಯ ಬಾಗಿಲಲ್ಲಿ ಬಂದು, ನಾನು ನೋಡುವ ತನಕ ನಿಂತಿರುತ್ತಿದ್ದರು. ಒಮ್ಮೊಮ್ಮೆ ತಲೆ ಎತ್ತಿದರೆ ಅವರು ಅಲ್ಲಿರುತ್ತಿದ್ದರು. ಎಷ್ಟು ಹೊತ್ತಿನಿಂದ ಎಂದು ತಿಳಿಯುತ್ತಿರಲಿಲ್ಲ. ಅವರ ಹೆಜ್ಜೆ ಕೇಳಬಹುದಾಗಿದ್ದವಳು ನಾನೊಬ್ಬಳೇ, ನನಗೂ ಕೇಳಿಸುತ್ತಿರಲಿಲ್ಲ.

ಒಂದು ಬೆಳಿಗ್ಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಗೋಡೆಯ ಮೇಲಿದ್ದ ಅಕ್ಕನ ಫೋಟೋ ತೋರಿಸಿ, ಇದು ಯಾರು ಎಂದು ಅಡುಗೆಯಮ್ಮನನ್ನು ಕೇಳಿದಳು. ಅವರು ಅವಳ ತಲೆ ಬಾಚುತ್ತಿದ್ದರು. ನಾನು ಹಾಜರಿ ಬರೆಯುವ ನೆಪದಲ್ಲಿ ಅಲ್ಲೇ ಕೂತಿದ್ದೆ. ಅವರ ಕೈ ಏನು ಹೇಳುತ್ತದೋ ಎಂದು ಬರೆಯುವುದನ್ನು ನಿಲ್ಲಿಸಿ ನೋಡಿದೆ. ಒಂದು ಕೈ ಬೀಸಿದರೆ ಸಾಕು, ಎಸೆದವಳು ಎಂದಾಗುತ್ತಿತ್ತು. ಮಕ್ಕಳ ಬಾಯಲ್ಲಿ, ಅಂದರೆ ಕೈಯಲ್ಲಿ, ಅಕ್ಕ ಎಂದೆಂದಿಗೂ ಅದೇ ಆಗಿ ಉಳಿಯುತ್ತಿದ್ದರು.

ಅವರು ಬಾಚಣಿಗೆಯನ್ನು ಮಡಿಲಲ್ಲಿಟ್ಟು, ಮುಷ್ಟಿಯನ್ನು ಎರಡು ಸಲ ಬಿಚ್ಚಿ ಮುಚ್ಚಿದರು. ದೀಪ.

ಹುಡುಗಿ ತಾನೂ ಹಾಗೇ ಮಾಡಿ ಕಲಿತುಕೊಂಡಳು. ಅವಳು ಆಚೆ ಓಡಿದ ಮೇಲೆ, ಫೋಟೋ ನೋಡುತ್ತಲೇ, ಅವರ ಬೆರಳು ಎಡ ಭುಜದ ಮೇಲೆ, ಕುತ್ತಿಗೆಯ ಹತ್ತಿರ, ಒಂದು ಕ್ಷಣ ನಿಂತಿತು. ಅದು ಯಾರಿಗೂ ಹೇಳಿದ್ದಲ್ಲ.

ಕ್ಯಾಮೆರಾ ಮೇಜಿನ ಮೇಲೆ, ನನ್ನ ಕೈಗೆ ಸಿಗುವಷ್ಟು ಹತ್ತಿರದಲ್ಲೇ ಇತ್ತು. ನಾನು ಮುಟ್ಟಲಿಲ್ಲ. ಆ ಹತ್ತು ಜಿ.ಬಿ. ನಾನು ಶಾಲೆ ಬಿಡುವ ತನಕ ಖಾಲಿಯಾಗೇ ಇತ್ತು.